ಪುಕ್ಕಟೆ ಬಂದ ಬ್ರೌಸರ್

ಮಧ್ಯಾಹ್ನ ಮೂರಕ್ಕೆ ಅರಕೇರಾದ ಬಸ್ಸಿಳಿದು ಹುಲಗೆಮ್ಮ ಅಂಗಡಿಗೆ ಬಂದಾಗ ದುರ್ಗಾ ಕಂಪ್ಯೂಟರಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಬೈಯುವುದು ಅವಳಿಗೆ ಹೊಸದಲ್ಲ. ದೇವದುರ್ಗದಲ್ಲಿ ಹನ್ನೊಂದು ವರ್ಷದಿಂದ ಆನ್‌ಲೈನ್ ಸೆಂಟರ್ ನಡೆಸುವವಳು ಸರ್ವರಿಗೆ, ಕರೆಂಟಿಗೆ, ಫೋಟೋ ಮರೆತು ಬರುವ ಗಿರಾಕಿಗೆ ದಿನಾ ಬೈದೇ ಬಾಗಿಲು ಹಾಕಬೇಕು. ಇವತ್ತಿನ ಬೈಗುಳ ಮಾತ್ರ ಬೇರೆ. ಪರದೆಯ ಮೇಲೆ ಬೆಳಿಗ್ಗೆಯಿಂದ ಒಂದೇ ಮಾತು ಅಲುಗಾಡದೆ ಕೂತಿತ್ತು: ಈ ಸೆಂಟರಿನಲ್ಲಿ ಸೇವೆ ನಿಂತಿದೆ, ನಿಮಗೆ ಹತ್ತಿರದ ನೆರಳು ಕೇಂದ್ರ ಬಸ್ ನಿಲ್ದಾಣದ ಎದುರಿಗಿದೆ.

ಹುಲಗೆಮ್ಮನಿಗೆ ಅದನ್ನು ಓದಲು ಬಾರದು. ಅವಳು ಎಲೆ ಅಡಿಕೆಯ ಸಂಚಿಯಿಂದ ಮಡಚಿದ ಕಾಗದ ತೆಗೆದು ಮೇಜಿನ ಮೇಲೆ ಅಂಗೈಯಿಂದ ಉಜ್ಜಿ ನೆಟ್ಟಗೆ ಮಾಡಿದಳು. ಮೊಮ್ಮಗಳು ಸವಿತಾಳ ಜಾತಿ ಪ್ರಮಾಣಪತ್ರ, ಬೆಳಿಗ್ಗೆಯಷ್ಟೇ ಕೈಗೆ ಸಿಕ್ಕಿತ್ತು. ನರ್ಸಿಂಗ್ ಸೀಟಿನ ಅರ್ಜಿಯನ್ನು ದುರ್ಗಾಳೇ ಮೂರು ವಾರದ ಹಿಂದೆ ತುಂಬಿದ್ದಳು. ಇದೊಂದು ಕಾಗದ ಸೇರಿಸುವುದು ಬಾಕಿ ಇತ್ತು. ಸಂಜೆ ಐದಕ್ಕೆ ಗಡುವು. ಅದು ದಾಟಿದರೆ ಸವಿತಾಳ ಸೀಟು ಹೋದಂತೆಯೇ. ಹುಡುಗಿ ರಾಯಚೂರಿನಲ್ಲಿ ಪರೀಕ್ಷೆಗೆ ಕೂತಿದ್ದಳು, ಫೋನು ಹೊರಗೆ ಬ್ಯಾಗಿನಲ್ಲಿ. ಫೋನು ಸಿಕ್ಕಿದ್ದರೂ ಉಪಯೋಗವಿರಲಿಲ್ಲ, ಅರ್ಜಿಯ ಪಾಸ್‌ವರ್ಡ್ ಅವಳಿಗೆ ಗೊತ್ತೇ ಇರಲಿಲ್ಲ.

ದುರ್ಗಾಳಿಗೂ ಗೊತ್ತಿರಲಿಲ್ಲ. ಅವಳ ಸಿಟ್ಟೆಲ್ಲ ಅದರ ಮೇಲೆಯೇ.

ಮೊದಲು ಹೀಗಿರಲಿಲ್ಲ. ಈ ಕಡೆಯ ಪದ್ಧತಿ ಏನೆಂದರೆ, ಅರ್ಜಿ ಯಾರದೇ ಇರಲಿ, ಪಾಸ್‌ವರ್ಡ್ ಸೆಂಟರಿನವರ ಹತ್ತಿರ ಇರುತ್ತದೆ. ನಾವು ಎಲ್ಲಿ ಕಳೀತೀವೋ ಏನೋ, ನಿನ್ನ ಹತ್ತಿರವೇ ಇರಲಿ ಎಂದು ಜನ ಹೇಳುತ್ತಿದ್ದರು. ದುರ್ಗಾ ಎಲ್ಲವನ್ನೂ ಕೆಂಪು ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಪಿಂಚಣಿ, ಬೆಳೆ ವಿಮೆ, ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು, ನಾನೂರು ಮನೆಯ ಕೀಲಿ ಅದರೊಳಗಿತ್ತು. ಊಟಕ್ಕೆ ಮನೆಗೆ ಹೋಗುವಾಗಲೂ ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದಳು.

ಆಮೇಲೆ ಬಂದ ರಾಯಚೂರಿನ ಜಗದೀಶ. ಅವನ ಕಂಪನಿಯ ಹೆಸರು ನೆರಳು. ಮೊದಲು ಅವನು ತನ್ನದೇ ಒಂದು ಕಂಪ್ಯೂಟರ್ ಪೆಟ್ಟಿಗೆ ಮಾಡಿಸಿ, ಅದರೊಳಗೆ ತನ್ನದೇ ಬ್ರೌಸರ್ ಹಾಕಿ, ಸೆಂಟರಿನವರಿಗೆ ಮಾರುತ್ತ ಹೊರಟ. ಮಾನ್ವಿಯ ಅಂಬರೇಶನಂಥವರು ಕೊಂಡರು. ದುರ್ಗಾ ಕೊಳ್ಳಲಿಲ್ಲ. ನನ್ನ ಹಳೇ ಕಂಪ್ಯೂಟರೇ ನನಗೆ ಸಾಕು, ಇನ್ನೊಬ್ಬರ ಪೆಟ್ಟಿಗೆ ನನ್ನ ಅಂಗಡಿಯೊಳಗೆ ಬರುವುದು ಬೇಡ ಎಂದು ಕಡ್ಡಿ ಮುರಿದಂತೆ ಹೇಳಿ ಕಳಿಸಿದಳು.

ವರ್ಷ ತುಂಬುವುದರೊಳಗೆ ಜಗದೀಶನ ಮಾತು ಬದಲಾಯಿತು. ಪೆಟ್ಟಿಗೆ ಬೇಡವೇ, ಬಿಡಿ. ನಮ್ಮ ಬ್ರೌಸರ್ ಈಗ ನಿಮ್ಮ ಹಳೇ ಕಂಪ್ಯೂಟರಿನಲ್ಲೂ ನಡೆಯುತ್ತದೆ, ಪುಕ್ಕಟೆ ತಗೊಳ್ಳಿ ಅಂದ. ಮಾನ್ವಿಯಲ್ಲಿ ಸುತ್ತಲಿನ ಸೆಂಟರಿನವರನ್ನೆಲ್ಲ ಕರೆದು, ಮಂಡಕ್ಕಿ ಮಿರ್ಚಿ ಕೊಟ್ಟು ತೋರಿಸಿದ. ದುರ್ಗಾ ಎದ್ದು ನಿಂತು ಎಲ್ಲರೆದುರಿಗೆ ಕೇಳಿದಳು.

"ನಿಮ್ಮ ಪೆಟ್ಟಿಗಿ ಬ್ಯಾಡ ಅಂದವ್ರಿ ನಾವು. ನಮಗ್ಯಾಕ ಪುಕ್ಕಟೆ ಕೊಡಾಕತ್ತೀರಿ?"

"ಎಲ್ಲಾರೂ ಬೆಳೀಬೇಕ್ರಿ ಅಕ್ಕಾರ," ಅಂದ ಜಗದೀಶ, ನಕ್ಕು.

ಅವನು ಸೋತ ಎಂದು ದುರ್ಗಾ ತಿಳಿದಳು. ಪೆಟ್ಟಿಗೆ ಮಾರಲಾಗದೆ ನಮ್ಮ ದಾರಿಗೆ ಬಂದ ಎಂದು ಬಸ್ಸಿನುದ್ದಕ್ಕೂ ಹಿಗ್ಗಿದಳು. ಗೆದ್ದೆ ಎಂದುಕೊಂಡವರ ಮೂಗಿಗೆ ತುಪ್ಪ ಸವರುವುದು ಬಹಳ ಸುಲಭ.

ಬ್ರೌಸರ್ ಚೆನ್ನಾಗಿಯೇ ಇತ್ತು, ಹಾಳಾದ್ದು. ಕರೆಂಟು ಹೋದರೂ ಅರ್ಧ ತುಂಬಿದ ಅರ್ಜಿ ಉಳಿಯುತ್ತಿತ್ತು. ಈ-ಮೇಲ್ ಇಲ್ಲದವರಿಗೆ ತಾನೇ ಒಂದನ್ನು ಮಾಡಿಕೊಡುತ್ತಿತ್ತು. ಪಾಸ್‌ವರ್ಡನ್ನೂ ತಾನೇ ಹುಟ್ಟಿಸಿ ತಾನೇ ನೆನಪಿಟ್ಟುಕೊಳ್ಳುತ್ತಿತ್ತು. ಒಂದು ದಿನ ಅದು, ನಿಮ್ಮ ಹಳೇ ಪಾಸ್‌ವರ್ಡುಗಳು ಸಡಿಲ, ಎಲ್ಲವನ್ನೂ ಗಟ್ಟಿ ಮಾಡಲೇ ಎಂದು ಕೇಳಿತು. ಮಾಡು ಎಂದು ದುರ್ಗಾ ಒತ್ತಿದಳು. ನಾನೂರು ಮನೆಯ ಕೀಲಿ ಒಂದು ಮಧ್ಯಾಹ್ನದಲ್ಲಿ ಬದಲಾಯಿತು. ಕೆಂಪು ನೋಟ್‌ಬುಕ್ ಪ್ರಿಂಟರಿನ ಅಲುಗಾಡುವ ಕಾಲಿನಡಿಗೆ ಒತ್ತಾಗಿ ಹೋಯಿತು.

ಹೋದ ವಾರ ಬಸ್ ನಿಲ್ದಾಣದ ಎದುರಿಗೆ ನೆರಳು ಕೇಂದ್ರ ತೆರೆಯಿತು. ಇವತ್ತು ಬೆಳಿಗ್ಗೆ ದುರ್ಗಾಳ ಬ್ರೌಸರ್ ಮುಚ್ಚಿತು.

ಪಾಸ್‌ವರ್ಡ್ ಮರೆತಿದೆ ಎಂದು ಒತ್ತಿದರೆ ಹೊಸದು ಈ-ಮೇಲಿಗೆ ಹೋಗುತ್ತಿತ್ತು. ಆ ಈ-ಮೇಲ್ ತೆರೆಯುವುದು ಆ ಬ್ರೌಸರಿನಲ್ಲಿ ಮಾತ್ರ. ದುರ್ಗಾ ಜಗದೀಶನಿಗೆ ಫೋನು ಹಚ್ಚಿದಳು. ಅವನು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡಿದ. ನಿಯಮದಲ್ಲಿ ಎಲ್ಲ ಬರೆದಿದೆ, ನೀವು ಒಪ್ಪಿಯೇ ಒತ್ತಿದ್ದೀರಿ. ಗಿರಾಕಿಗೆ ತೊಂದರೆ ಆಗಬಾರದು, ನಮ್ಮ ಕೇಂದ್ರಕ್ಕೆ ಕಳಿಸಿಕೊಡಿ, ಐದು ನಿಮಿಷದ ಕೆಲಸ.

ಕಳಿಸಿಕೊಡಿ! ಆ ಮಾತಿಗೆ ದುರ್ಗಾಳ ಮೈಯೆಲ್ಲ ಉರಿದುಹೋಯಿತು. ಆಗ ಅವಳಿಗೆ ಮಾನ್ವಿಯ ಮಂಡಕ್ಕಿ ಮಿರ್ಚಿಯ ಅರ್ಥ ಆಯಿತು. ಅವನಿಗೆ ಅವಳ ಕಂಪ್ಯೂಟರ್ ಎಂದೂ ಬೇಕಿರಲಿಲ್ಲ, ಅದರ ಮುಂದೆ ಬಂದು ಕೂರುವ ಜನ ಬೇಕಿತ್ತು. ಮಷೀನು ಯಾರದಾದರೂ ಇರಲಿ, ಒಳಗೆ ಹೋಗುವ ದಾರಿ ತನ್ನದಾದರೆ ಮುಗಿಯಿತು. ಆ ದಾರಿಯನ್ನು ಅವಳೇ ತನ್ನ ಕೈಯಾರೆ, ನಾನೂರು ಮನೆಯದನ್ನೂ ಒಂದೇ ಒತ್ತಿಗೆ, ಅವನ ಮನೆಯತ್ತ ತಿರುಗಿಸಿ ಕೊಟ್ಟಿದ್ದಳು.

ಗೋಡೆಯ ಗಡಿಯಾರ ಮೂರೂಮುಕ್ಕಾಲು ತೋರಿಸಿತು. ಹುಲಗೆಮ್ಮ ಸಂಚಿಯನ್ನು ಮಡಿಲಲ್ಲಿಟ್ಟು ಕೂತಿದ್ದಳು, ಕೆಲಸ ಆಗಿಯೇ ಆಗುತ್ತದೆ ಎಂಬ ನಂಬಿಕೆಯಲ್ಲಿ. ಆ ನಂಬಿಕೆ ನೋಡಿ ದುರ್ಗಾಳಿಗೆ ಇನ್ನಷ್ಟು ಸಿಟ್ಟು ಬಂತು. ಅಂಗಡಿಯ ಶಟರ್ ಎಳೆದು, ಮುದುಕಿಯ ಕೈ ಹಿಡಿದು, ಬಿಸಿಲಿನಲ್ಲಿ ಬಸ್ ನಿಲ್ದಾಣದ ಕಡೆ ನಡೆದಳು.

ನೆರಳು ಕೇಂದ್ರದ ಗಾಜಿನ ಬಾಗಿಲೊಳಗೆ ಅವಳದೇ ಗಿರಾಕಿಗಳು ಸಾಲಾಗಿ ನಿಂತಿದ್ದರು. ಜಾಲಹಳ್ಳಿಯ ವೆಂಕಣ್ಣ ಅವಳನ್ನು ಕಂಡು ನೆಲ ನೋಡಿದ. ಹೆಸರು ಹಾಕಿ, ಅರ್ಜಿಯ ನಂಬರು ಹಾಕಿ ನೆರಳಿನವರಿಂದ ಫೋನಿಗೆ ಮೆಸೇಜು ಬಂದಿತ್ತಂತೆ, ಅದಕ್ಕೇ ಬಂದನಂತೆ. ದುರ್ಗಾ ಅವನ ಹಿಂದೆಯೇ ಸಾಲು ಸೇರಿದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ಕೌಂಟರಿನ ಹೊರಗೆ, ಗಿರಾಕಿಯ ಕಡೆ ನಿಂತಳು.

ಕೌಂಟರಿನೊಳಗಿದ್ದ ಹುಡುಗಿ ಹುಮೇರಾ ಒಳ್ಳೆಯವಳು, ಚುರುಕು. ಅವಳ ಮೇಲೆ ಸಿಟ್ಟಾಗಲು ನೆಪವೇ ಸಿಗಲಿಲ್ಲ, ಅದೊಂದು ಸಂಕಟ. ಸವಿತಾಳ ಹೆಸರು ಹೊಡೆದದ್ದೇ ಅರ್ಜಿ ತೆರೆಯಿತು. ನಾಲ್ಕೂ ಇಪ್ಪತ್ತಕ್ಕೆ ಪ್ರಮಾಣಪತ್ರ ಸೇರಿತು. ಹುಲಗೆಮ್ಮ ಎರಡೂ ಕೈ ಎತ್ತಿ ಪರದೆಗೇ ಮುಗಿದಳು.

ಪಾಸ್‌ವರ್ಡ್ ತೋರಿಸು ಎಂದಳು ದುರ್ಗಾ. ತೋರಿಸುವಂತಿಲ್ಲ, ನಮ್ಮ ಸರ್ ಬೈತಾರೆ ಎಂದಳು ಹುಮೇರಾ. ದುರ್ಗಾ ದನಿ ಏರಿಸಿದಳು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಗ ಹುಲಗೆಮ್ಮ ಅವಳ ತೋಳು ಹಿಡಿದು ಸರಿಸಿ ಮುಂದೆ ಬಂದು, ಅರ್ಜಿ ನನ್ನ ಮೊಮ್ಮಗಳದು, ನನಗೆ ತೋರಿಸು ತಾಯಿ ಎಂದು ಮೆತ್ತಗೆ ಕೇಳಿದಳು. ಹುಮೇರಾ ಒಮ್ಮೆ ಒಳಗಿನ ಬಾಗಿಲ ಕಡೆ ನೋಡಿ, ಒಂದು ಗುಂಡಿ ಒತ್ತಿದಳು.

ದುರ್ಗಾ ರೂಢಿಯಂತೆ ಪೆನ್ನು ತೆಗೆದು ತನ್ನ ಅಂಗೈ ಮೇಲೆ ಬರೆದುಕೊಳ್ಳಲು ಹೊರಟಳು. ಹುಲಗೆಮ್ಮ ಆ ಕೈಯನ್ನು ಹಿಡಿದಳು. ಪ್ರಮಾಣಪತ್ರದ ಜೆರಾಕ್ಸನ್ನು ಹುಮೇರಾಳ ಮುಂದೆ ಇಟ್ಟು, ಇದರ ಹಿಂದೆ ಬರಿ ಎಂದಳು. ಬರೆದ ಕಾಗದವನ್ನು ಮಡಚಿ ಸಂಚಿಯೊಳಗೆ ಹಾಕಿ ದಾರ ಎಳೆದಳು.

ಹೊರಗೆ ದುರ್ಗಾ ಜಗದೀಶನ ವಂಶವನ್ನೆಲ್ಲ ಜಾಲಾಡುತ್ತಿದ್ದಳು. ಕಳ್ಳ, ಮೋಸಗಾರ, ನಾನೂರು ಮಂದಿಯ ಕೀಲಿ ಕಸಿದುಕೊಂಡ ಎಂದಳು. ಮುದುಕಿ ಅಷ್ಟನ್ನೂ ಕೇಳಿಸಿಕೊಂಡಳು.

"ಅಂವ ಕಸಗೊಂಡಿದ್ದು ನಿನ್ನ ಕೈಯಾಗಿಂದು, ಖರೇ ಅದ. ನಮ್ಮ ಕೀಲಿ ನಿನ್ನ ಕೈಯಾಗ ಯಾಕಿತ್ತು ಯವ್ವಾ?"

ನೀವೇ ಇಟ್ಟುಕೋ ಅಂದಿರಿ ಎಂದು ಹೇಳಲು ದುರ್ಗಾ ಬಾಯಿ ತೆರೆದಳು. ಅದು ನಿಜವೂ ಹೌದು. ಆದರೆ ಒಬ್ಬರಿಗಾದರೂ ತಾನು ಬರೆದು ಕೊಟ್ಟದ್ದುಂಟೇ? ದೂರದ ಕುರ್ಡಿ ಊರಿಗೆ ಮದುವೆಯಾಗಿ ಹೋದ ರೇಣುಕಮ್ಮ ಒಂದು ಸಹಿ ತಿದ್ದಿಸಲೂ ಬಸ್ಸು ಬದಲಿಸಿ ತನ್ನ ಅಂಗಡಿಗೇ ಬರುತ್ತಿದ್ದಳು. ಅದನ್ನು ತನ್ನ ಮೇಲಿನ ಪ್ರೀತಿ ಎಂದು ದುರ್ಗಾ ಎಲ್ಲರೆದುರು ಹೇಳಿಕೊಂಡಿದ್ದಳು. ಅರಕೇರಾದ ಬಸ್ಸು ಬಂತು, ಹುಲಗೆಮ್ಮ ಹತ್ತಿ ಹೋದಳು. ದುರ್ಗಾಳ ಸಿಟ್ಟು ಬೇರೆಲ್ಲೂ ಜಾಗ ಸಿಗದೆ ಸ್ವತಃ ಅವಳ ಮೇಲೆಯೇ ತಿರುಗಿತು.

ಮರುದಿನ ವೆಂಕಣ್ಣ ಇನ್ನೊಂದು ಅರ್ಜಿಗೆಂದು ತಲೆ ಕೆರೆಯುತ್ತ ಅಂಗಡಿಗೆ ಬಂದ. ದುರ್ಗಾ ಕಂಪ್ಯೂಟರಿನಲ್ಲಿ ಮೊದಲಿದ್ದ ಬ್ರೌಸರನ್ನೇ ತೆರೆದು, ಅವನ ಫೋನಿನ ನಂಬರಿಗೇ ಹೊಸ ಈ-ಮೇಲ್ ಮಾಡಿ, ಕುರ್ಚಿಯಿಂದ ಎದ್ದು ಅವನನ್ನು ಕೂರಿಸಿದಳು. ಕೆಂಪು ನೋಟ್‌ಬುಕ್ಕಿನ ಹಿಂದಿನ ಖಾಲಿ ಹಾಳೆ ಹರಿದು ಅವನ ಮುಂದೆ ಇಟ್ಟು, ಪಾಸ್‌ವರ್ಡ್ ನೀನೇ ಹಾಕು, ಇದರ ಮೇಲೆ ನೀನೇ ಬರೆದುಕೋ ಎಂದಳು. ವೆಂಕಣ್ಣ ಗಾಬರಿಯಾದ. ಯಾಕಕ್ಕಾ, ನಾವೇನು ತಪ್ಪು ಮಾಡಿದೆವು, ನಿನ್ನ ಹತ್ತಿರವೇ ಇರಲಿ ಎಂದ.

"ಬ್ಯಾಡ," ಎಂದು ದುರ್ಗಾ ಗದರಿ, ಗೋಡೆಯ ಕಡೆ ಮುಖ ಮಾಡಿ ನಿಂತಳು.

ಅವನು ಒಂದೊಂದೇ ಅಕ್ಷರ ಹುಡುಕಿ ಒತ್ತುವ ಸಪ್ಪಳ ಕಾಲು ಗಂಟೆ ಕೇಳಿಸಿತು. ಅವಳು ತಿರುಗಲಿಲ್ಲ.