ಬೇರಿನ ಸಂದಿನ ಚೆಂಡು

ಚಿಕ್ಕಜಾಜೂರಿನಿಂದ ಬೆಂಗಳೂರಿಗೆ ರೈಲು ಚಾರ್ಜು ಏಳೂವರೆ ರೂಪಾಯಿ, ವಾಪಸ್ಸಿಗೂ ಅಷ್ಟೇ. ಮೂರು ದಿನ ಕುರಿ ನೋಡಿಕೊಳ್ಳುವ ಪಕ್ಕದ ಹಟ್ಟಿಯವನಿಗೆ ದಿನಕ್ಕೆರಡರಂತೆ ಆರು. ಮೈದಾನದ ಟಿಕೇಟಿಗೆ ಎರಡು. ಬುತ್ತಿ ಮನೆಯದೇ. ಒಟ್ಟು ಇಪ್ಪತ್ತಮೂರು ರೂಪಾಯಿ ಖರ್ಚು ಮಾಡಿಕೊಂಡು ಎತ್ತಪ್ಪ ಬಂದದ್ದು ಅಳಿಯ ಏನು ಕೆಲಸ ಮಾಡುತ್ತಾನೆಂದು ಕಣ್ಣಾರೆ ನೋಡಲು.

ಅಳಿಯ ಕಾಟಲಿಂಗ ಅವನ ಸ್ವಂತ ಅಕ್ಕನ ಮಗ. ಎರಡು ವರ್ಷದಿಂದ ಗಾಲ್ಫ್ ಮೈದಾನದಲ್ಲಿ ಆಟಗಾರರ ಚೀಲ ಹೊರುತ್ತಿದ್ದ. ಹೆಂಡತಿ ಪಾಲಮ್ಮ, ಎತ್ತಪ್ಪನ ಮಗಳು, ಇನ್ನೂ ತವರಿನಲ್ಲೇ ಇದ್ದಳು. ಬಾಡಿಗೆ ಕೋಣೆಗೆ ಮುನ್ನೂರು ರೂಪಾಯಿ ಅಡ್ವಾನ್ಸ್ ಹೊಂದಿಸಿ ಕರೆದುಕೊಂಡು ಹೋಗುತ್ತೇನೆಂದು ಕಾಟಲಿಂಗ ಹಬ್ಬಹಬ್ಬಕ್ಕೂ ಹೇಳುತ್ತಿದ್ದ.

"ಚೀಲ ಹೊರೋದೇ ಆದ್ರೆ ನಮ್ಮ ಸ್ಟೇಷನ್ನಾಗೂ ಹೊರಬೌದು. ನೋಡ್ಕಂಡು ಬತ್ತೀನಿ. ಮರ್ಯಾದೆ ಇಲ್ಲದ ಕೆಲಸ ಆದ್ರೆ ಕಿವಿ ಹಿಡ್ಕಂಡು ಕರ್ಕಂಬತ್ತೀನಿ," ಎಂದು ಮಗಳಿಗೆ ಹೇಳಿ ಎತ್ತಪ್ಪ ರೈಲು ಹತ್ತಿದ್ದ.

ಗೇಟಿನ ಕಾವಲುಗಾರ ಅವನ ಕೋಲು ತಡೆದ. "ಇದನ್ನ ಇಲ್ಲೇ ಬಿಡ್ರಿ."

"ಒಳಗಿರೋರ ಕೈಯಾಗೆಲ್ಲ ಕೋಲು ಐತಲ್ಲಪ್ಪ."

"ಅವ್ರು ಆಡೋರು. ನೀವು ನೋಡೋರು."

ಕೋಲು ಬಿಟ್ಟು, ಕಂಬಳಿ ಹೆಗಲಿಗೇರಿಸಿ ಎತ್ತಪ್ಪ ಒಳಗೆ ಹೋದ. ಅಷ್ಟು ಹಸಿರು ಒಂದೇ ಕಡೆ ಅವನು ಕಂಡದ್ದೇ ಇಲ್ಲ. ಮುನ್ನೂರು ಕುರಿ ಎರಡು ತಿಂಗಳು ಮೇಯುವಷ್ಟು ಹುಲ್ಲು ಎಂದು ಮನಸ್ಸು ತಾನಾಗಿ ಲೆಕ್ಕ ಹಾಕಿತು.

ಕಾಟಲಿಂಗ ಓಡಿ ಬಂದು ಕಾಲು ಮುಟ್ಟಿದ. ಹದಿನೆಂಟು ಕುಳಿ, ಕಡಿಮೆ ಹೊಡೆತದಲ್ಲಿ ಮುಗಿಸಿದವನು ಗೆದ್ದಂತೆ, ಇವತ್ತು ಕೊನೆಯ ದಿನ ಎಂದು ವಿವರಿಸಿದ. "ನಮ್ಮ ಉಗ್ರಪ್ಪಣ್ಣ ಎರಡನೇ ಜಾಗದಾಗೆ ಅವ್ನೆ ಮಾವ. ಅವ್ನೂ ಮೊದ್ಲು ಚೀಲ ಹೊತ್ತೋನೇ. ಇನಾಮಿನಾಗೆ ಹತ್ತರಲ್ಲೊಂದು ಪಾಲು ನಂದು. ಎರಡನೇದು ನಿಂತ್ರೆ ಮುನ್ನೂರು. ಪಾಲಮ್ಮನ್ನ ಈ ತಿಂಗ್ಳೇ ಕರ್ಕಂಬತ್ತೀನಿ. ಒಂದು ಮಾತು, ಹೊಡೆಯೋವಾಗ ಕೆಮ್ಮಬೇಡ."

ಉಗ್ರಪ್ಪ ಕೋಲು ಎತ್ತಿದಾಗ ನೋಡಲು ನೆರೆದಿದ್ದ ಮುನ್ನೂರು ಜನರೂ ಉಸಿರು ಬಿಗಿಹಿಡಿದರು. ಒಣಕಟ್ಟಿಗೆ ಮುರಿದಂಥ ಸದ್ದು. ಚೆಂಡು ಎಲ್ಲಿ ಹೋಯಿತೆಂದು ಜನ ಕೈ ಅಡ್ಡ ಹಿಡಿದು ಹುಡುಕಿದರು. ಮರಡಿಯಾಚೆ ತಪ್ಪಿಸಿಕೊಂಡ ಮರಿಗಳನ್ನು ನಲವತ್ತು ವರ್ಷ ಹುಡುಕಿದ ಎತ್ತಪ್ಪನ ಕಣ್ಣಿಗೆ ಅದು ಬೆಳ್ಳಗೆ, ಚೆನ್ನಾಗಿಯೇ ಕಂಡಿತು.

"ಆ ಬೋಳು ಮರದ ಎಡಕ್ಕೆ, ಮೂರು ಮಾರು," ಎಂದ ಎತ್ತಪ್ಪ. ಹೋಗಿ ನೋಡಿದರೆ ಅಲ್ಲೇ ಇತ್ತು.

ಮೂರನೇ ಕುಳಿಯ ಹೊತ್ತಿಗೆ ಅವನ ಸುತ್ತ ಒಂದು ಗುಂಪೇ ಸೇರಿತು. ಪ್ರತಿ ಹೊಡೆತಕ್ಕೂ ಜನ ಚೆಂಡು ಬಿಟ್ಟು ಎತ್ತಪ್ಪನ ಬೆರಳು ನೋಡುತ್ತಿದ್ದರು. ಕೂಲಿಂಗ್ ಗ್ಲಾಸಿನ ಒಬ್ಬ ಸಾಹುಕಾರರು, "ಬರ್ರಿ ಯಜಮಾನ್ರೆ, ನನ್ನ ಪಕ್ಕದಲ್ಲೇ ಇರ್ರಿ," ಎಂದು ಕರೆದುಕೊಂಡು ಕಾಫಿ ಕುಡಿಸಿದರು. ಉಗ್ರಪ್ಪ ಪ್ರತಿ ಸಲವೂ ಕಾಟಲಿಂಗನನ್ನು ಕೇಳಿದ ಮೇಲೆಯೇ ಚೀಲದ ಹತ್ತಾರು ಕೋಲುಗಳಲ್ಲಿ ಒಂದನ್ನು ಆರಿಸುತ್ತಿದ್ದ. ಎತ್ತಪ್ಪನಿಗೆ ಅದೂ ಕಂಡಿತು. ಬಿಸಿಲು, ಕಾಲುನೋವು ಮರೆತು, ಹುಡುಗನಂತೆ ಮುಂದೆ ಮುಂದೆ ಓಡಿದ.

ಹದಿನೇಳನೇ ಕುಳಿಯಲ್ಲಿ ಉಗ್ರಪ್ಪನ ಚೆಂಡು ಗಾಳಿಗೆ ವಾಲಿ ಮರಗಳ ನಡುವೆ ಬಿತ್ತು. ಐದು ನಿಮಿಷದೊಳಗೆ ಸಿಗದಿದ್ದರೆ ದಂಡ. ಎಲ್ಲರಿಗಿಂತ ಮೊದಲು ಎತ್ತಪ್ಪ ಹೋಗಿ ಕಂಡುಹಿಡಿದ. ಸಿಕ್ಕ ಮರಿಯನ್ನು ಯಾರಾದರೂ ಅಲ್ಲೇ ಬಿಟ್ಟು ಬರುತ್ತಾರೆಯೇ? ಚೆಂಡನ್ನು ಎತ್ತಿಕೊಂಡು, ಕಂಬಳಿಯಲ್ಲಿ ಮಣ್ಣು ಒರೆಸಿ, ನಗುನಗುತ್ತಾ ತಂದು ಉಗ್ರಪ್ಪನಿಗೆ ಕೊಟ್ಟ.

"ಬಿದ್ದ ಚೆಂಡು ಮುಟ್ಟಬಾರ್ದು!" ಎಂದು ಗುಂಪಿನಲ್ಲಿ ಯಾರೋ ಕೂಗಿದರು. ಕಾಟಲಿಂಗ ತಲೆಯ ಮೇಲೆ ಕೈ ಇಟ್ಟುಕೊಂಡ.

ಬಿಳಿ ಟೋಪಿಯ ಪಂಚರು ಬಂದರು. ಅವರ ಮಾತು ಕೇಳಿ ಕಾಟಲಿಂಗ ಹೇಳಿದ: "ದಂಡ ಇಲ್ವಂತೆ ಮಾವ. ಎಲ್ಲಿತ್ತೋ ಅಲ್ಲೇ ಇಡ್ಬೇಕಂತೆ. ನೋಡ್ದೋನು ನೀನೊಬ್ನೇ. ತೋರ್ಸು."

ಚೆಂಡು ಬಿದ್ದಿದ್ದು ಎರಡು ಬೇರುಗಳ ಸಂದಿನಲ್ಲಿ. ಎರಡು ಗೇಣು ಆಚೆ ಒಳ್ಳೆ ಹುಲ್ಲಿತ್ತು, ಕುಳಿಗೆ ನೇರ ದಾರಿ. ಸಾಹುಕಾರರು ಬೆನ್ನ ಹಿಂದೆ ಪಿಸುಗುಟ್ಟಿದರು: "ಹುಲ್ಲು ತೋರ್ಸಿ ಯಜಮಾನ್ರೆ. ಕೇಳೋರ್ಯಾರು." ಕಾಟಲಿಂಗನ ಕಣ್ಣೂ ಆ ಹುಲ್ಲಿನ ಮೇಲೇ ಇತ್ತು. ಎತ್ತಪ್ಪನ ಮನಸ್ಸಿನ ಕಣ್ಣಿಗೆ ಊರಿನ ಮನೆ ಬಾಗಿಲಲ್ಲಿ ನಿಂತ ಪಾಲಮ್ಮ ಕಂಡಳು.

ಎರಡು ಹಿಂಡು ಬೆರೆತಾಗ ಇದು ಇಂಥವರ ಕುರಿ ಎಂದು ಗುರುತು ಹೇಳಲು ಸುತ್ತಿನ ಹಟ್ಟಿಗಳವರು ಕರೆಯುತ್ತಿದ್ದುದು ಎತ್ತಪ್ಪನನ್ನೇ. ಒಮ್ಮೆ ಸುಳ್ಳು ಹೇಳಿದ್ದರೆ ಮತ್ತೆ ಕರೆಯುತ್ತಿರಲಿಲ್ಲ. ಅವನು ಬಗ್ಗಿ ಬೇರಿನ ಸಂದಿಗೆ ಬೆರಳಿಟ್ಟ. "ಇಲ್ಲಿ. ಈ ಕಡೆ ಬೇರಿಗೆ ತಾಗ್ಕಂಡು."

ಉಗ್ರಪ್ಪ ಚೆಂಡು ಇಟ್ಟ, ಎತ್ತಪ್ಪನ ಮುಖ ನೋಡಿದ, ನಕ್ಕುಬಿಟ್ಟ. "ಕಾಟಲಿಂಗ, ನಿಮ್ಮ ಮಾವನ ಕಣ್ಣು ಸ್ವಲ್ಪ ಮಂಜಾಗಿದ್ರೆ ಚೆನ್ನಾಗಿತ್ತು ಕಣಪ್ಪ." ಕೋಲನ್ನು ತಿರುವಿ ಹಿಡಿದು, ಚೆಂಡಿಗೆ ಬೆನ್ನು ಮಾಡಿ ಒಂದೇ ಕೈಯಲ್ಲಿ ಹೊಡೆದ. ಚೆಂಡು ಸಂದಿನಿಂದ ಚಿಮ್ಮಿ ಬಯಲಿಗೆ ಬಿತ್ತು. ಜನ ಚಪ್ಪಾಳೆ ತಟ್ಟಿದರು, ಎತ್ತಪ್ಪನೂ ಕಂಬಳಿ ಬೀಸಿದ. ಆದರೆ ಒಂದು ಹೊಡೆತ ಹೋಯಿತು.

ಕೊನೆಯ ಕುಳಿಯಲ್ಲಿ ಆ ಹೊಡೆತ ವಾಪಸ್ಸು ಪಡೆಯಲು ಇಪ್ಪತ್ತು ಅಡಿ ದೂರದಿಂದ ಚೆಂಡು ಕುಳಿ ಸೇರಬೇಕಿತ್ತು. ಚೆಂಡು ಉರುಳಿತು, ಉರುಳಿತು. ಎತ್ತಪ್ಪ ಹಲ್ಲು ಕಚ್ಚಿ, ಹಠಮಾರಿ ಕುರಿಯನ್ನು ರೊಪ್ಪಕ್ಕೆ ನೂಕುವವನಂತೆ ಗಾಳಿಯಲ್ಲೇ ಕೈಯಿಂದ ತಳ್ಳಿದ. ಚೆಂಡು ಕುಳಿಯ ಅಂಚಿಗೆ ಬಂದು ನಿಂತುಬಿಟ್ಟಿತು.

ಮೂರನೇ ಜಾಗ. ಕಾಟಲಿಂಗನ ಪಾಲು ನೂರ ಎಂಬತ್ತು.

ಸಂಜೆ ರೈಲಿಗೆ ಹತ್ತಿಸುವಾಗ ಅಳಿಯ ಕೇಳಿದ, "ಕಿವಿ ಹಿಡ್ಕಂಡು ಕರ್ಕಂಡೋಗಾಕೆ ಬಂದಿದ್ಯಂತೆ, ಪಾಲಮ್ಮ ಕಾಗ್ದ ಹಾಕಿದ್ಲು. ಹೋಗಾಣ?"

"ಸುಮ್ನಿರಲೇ. ಅಷ್ಟು ದೊಡ್ಡ ಆಟಗಾರ ನಿನ್ನ ಕೇಳ್ದೆ ಒಂದು ಕೋಲು ಎತ್ಲಿಲ್ಲ," ಎಂದ ಎತ್ತಪ್ಪ. "ಕೋಣೆ ನೋಡು."

ಮುಂದಿನ ಸಂತೆಗೆ ಅವನು ಎರಡು ಟಗರು ಹೊಡೆದುಕೊಂಡು ಹೋಗಿ ನೂರಿಪ್ಪತ್ತೈದಕ್ಕೆ ಮಾರಿ, ಕೋಣೆಯ ಅಡ್ವಾನ್ಸಿಗೆ ಕಡಿಮೆಬಿದ್ದದ್ದನ್ನು ಕಳಿಸಿದ. ತಿಂಗಳು ತುಂಬುವುದರೊಳಗೆ ಪಾಲಮ್ಮ ಬೆಂಗಳೂರಿನ ಕೋಣೆಯಲ್ಲಿ ಒಲೆ ಹೂಡಿದಳು. ಹಟ್ಟಿಯಲ್ಲಿ ಎರಡು ಟಗರು ಕಡಿಮೆಯಾದವು, ಮಗಳೊಬ್ಬಳು ಕಡಿಮೆಯಾದಳು. ಗೇಟಿನಲ್ಲಿ ಬಿಟ್ಟ ಕೋಲನ್ನು ಎತ್ತಪ್ಪ ಅಲ್ಲೇ ಮರೆತು ಬಂದಿದ್ದ.