ಕೂದಲು ಅನ್ನುವ ಹೆಸರು

"ಒಂದೇ ಒಂದು ಸಾಲು ಮೇಡಂ," ಎಂದರು ಲ್ಯಾಪ್‌ಟಾಪಿನ ಪರದೆಯಲ್ಲಿದ್ದ ಕಂಪನಿಯ ವಕೀಲರು. "ನಿಮ್ಮ ವೆಬ್‌ಸೈಟಿನ ಕೆಳಗೆ, ಚಿಕ್ಕ ಅಕ್ಷರದಲ್ಲಿ, 'ಕಂಪನಿಯ ಅನುಮತಿಯ ಮೇರೆಗೆ' ಅಂತ ಹಾಕಿ. ಕೇಸು ಇಲ್ಲಿಗೇ ಮುಗಿಯುತ್ತೆ."

ವಿಚಾರಣೆ ನಡೆಯುತ್ತಿದ್ದರೂ ವಿಗ್ ಮಾಡುವವಳ ಕೈ ಸುಮ್ಮನಿರದೆ, ಮಡಿಲಲ್ಲಿದ್ದ ತೆಳು ಬಲೆಗೆ ಕೊಕ್ಕೆಸೂಜಿಯಿಂದ ಎಳೆ ಎಳೆಯಾಗಿ ಕೂದಲು ಗಂಟುಹಾಕುತ್ತಿತ್ತು. ಕಿಟಕಿಯ ಬಳಿ ತೊಳೆದ ಕೂದಲ ಗೊಂಚಲುಗಳು ಒಣಗುತ್ತಿದ್ದವು.

ಅವಳ ವೆಬ್‌ಸೈಟಿನ ವಿಳಾಸ 'ಕೂದಲು'. ಹಿಂದೆ ಮುಂದೆ ಬೇರೆ ಪದವಿಲ್ಲ. ಅಂಗಡಿ ತೆರೆದ ಹೊಸದರಲ್ಲಿ ತಮ್ಮನೇ ಅದನ್ನು ನೋಂದಾಯಿಸಿಕೊಟ್ಟಿದ್ದ. ಎಷ್ಟೋ ಕಾಲದ ಮೇಲೆ ಹುಟ್ಟಿದ ತಲೆಎಣ್ಣೆಯ ಕಂಪನಿಯೊಂದು ಅದೇ ಹೆಸರಿಗೆ ಟ್ರೇಡ್‌ಮಾರ್ಕ್ ಪಡೆದು, ವಿಳಾಸವೂ ತನಗೇ ಸೇರಬೇಕೆಂದು, ವೆಬ್ ವಿಳಾಸಗಳ ಜಗಳ ಬಗೆಹರಿಸುವ ಮಂಡಳಿಗೆ ದೂರು ಕೊಟ್ಟಿತ್ತು.

ಪಕ್ಕದಲ್ಲಿದ್ದ ತಮ್ಮ ಮೈಕಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ. "ಒಪ್ಕೊಂಡ್ಬಿಡಕ್ಕ. ಸೋತ್ರೆ ವಿಳಾಸವೇ ಹೋಗುತ್ತೆ. ಅವರ ಮುಂದೆ ನಾವ್ಯಾವ ಲೆಕ್ಕ?"

"ಕೈ ತೆಗಿ," ಎಂದಳು. ಅವನು ತೆಗೆದ.

"ವಕೀಲರೇ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೂದಲು ಉದುರಿದೋರು ನನ್ನ ಹತ್ರ ಬರ್ತಾರೆ. ನಾನ್ಯಾರು ಅಂತ ಅವರಿಗೆ ಗೊತ್ತಿರಲ್ಲ. ಏನು ಕಳ್ಕೊಂಡ್ರೋ ಅದನ್ನೇ ಟೈಪ್ ಮಾಡ್ತಾರೆ. ಅದಕ್ಕೆ ನಿಮ್ಮ ಅನುಮತಿ ಯಾಕೆ?"

"ಅದು ಬರೀ ಹೆಸರಿಗೆ ಮೇಡಂ..."

"ಹೆಸರಿಗೇ ತಾನೆ ಜಗಳ. ಎಣ್ಣೆಗೆ ಆ ಹೆಸರಿಟ್ಕೊಳ್ಳಿ, ನಾನು ಬೇಡ ಅಂದಿಲ್ಲ. ನಿಮ್ಮ ತಲೆ ಮೇಲಿರೋ ನಾಲ್ಕು ಕೂದಲಿಗೂ ಕಂಪನಿ ಅನುಮತಿ ಕೊಟ್ಟಿದೆಯಾ?"

ವಕೀಲರ ಕೈ ತಾನಾಗಿ ನೆತ್ತಿಗೆ ಹೋಯಿತು. ಪರದೆಯ ಇನ್ನೊಂದು ಚೌಕದಲ್ಲಿ, ತೀರ್ಪು ಕೊಡಬೇಕಾಗಿದ್ದ ಹಿರಿಯ ಹೆಂಗಸು ಕೆಮ್ಮಿದಂತೆ ಮಾಡಿ ನಗು ನುಂಗಿಕೊಂಡರು. "ಸೋತರೂ ಪರವಾಗಿಲ್ವಾ?" ಎಂದು ಕೇಳಿದರು.

ಅವಳು ಕೊಕ್ಕೆಸೂಜಿಯನ್ನು ಬಲೆಗೆ ಸಿಕ್ಕಿಸಿಟ್ಟಳು. "ಸೋತ್ರೆ ಬೇರೆ ಹೆಸರು ಹುಡುಕ್ಕೋತೀನಿ ಮೇಡಂ. ಅನುಮತಿ ಅಂತ ಮಾತ್ರ ಬರೆಯಲ್ಲ."

ತಿಂಗಳಾದ ಮೇಲೆ ತಮ್ಮ ಫೋನು ಮಾಡಿ ತೀರ್ಪು ಓದಿ ಹೇಳಿದ. ಎಲ್ಲರ ಬಾಯಲ್ಲೂ ಇರುವ ಪದ. ಅದರ ಅರ್ಥದಲ್ಲೇ ತನ್ನ ಕಸುಬಿಗೆ ಬಳಸಿದ್ದಾಳೆ. ವಿಳಾಸ ಅವಳಲ್ಲೇ ಉಳಿಯಲಿ.

"ಆದ್ರೆ ಅವರು ಕೋರ್ಟಿಗೆ ಹೋಗ್ತಾರಂತೆ ಅಕ್ಕ."

"ಹೋಗ್ಲಿ. ನಾನೂ ಬರ್ತೀನಿ. ಈಗ ಫೋನಿಡು, ಜನ ಕಾಯ್ತಿದಾರೆ."

ಕನ್ನಡಿಯ ಮುಂದೆ ಕೂತಿದ್ದ ಹೆಂಗಸಿನ ತಲೆಗೆ ಹೊಸ ವಿಗ್ ಕೂರಿಸಿ, ಅಂಚನ್ನು ಬೆರಳಿನಿಂದ ಒತ್ತಿದಳು. ಆ ಹೆಂಗಸು, ಕನ್ನಡಿಯನ್ನು ನೋಡದೆಯೇ, ಕೆನ್ನೆಗೆ ಬಿದ್ದ ಎಳೆಯೊಂದನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಳು.