ಗುರುಗುಟ್ಟುವುದನ್ನು ಮರೆತ ಬೊಳ್ಳು

ಅರಂತೋಡಿನ ರಸ್ತೆ ಬದಿಯಲ್ಲಿ ದೇರಣ್ಣನ ಜಿನಸಿನ ಅಂಗಡಿ. ಹಿಂದೆಯೇ ಮನೆ. ಆ ಮನೆಯ ಬಿಳಿ ನಾಯಿ ಬೊಳ್ಳು ಬಂದವರ ಮೇಲೆಲ್ಲ ಹಾರುತ್ತಿತ್ತು. ಬೊಗಳಲು ಶುರುಮಾಡಿದರೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ.

"ದೇರಣ್ಣ, ಸಕ್ಕರೆ ಆಮೇಲೆ ಕೊಡಿ, ಮೊದಲು ನಿಮ್ಮ ನಾಯಿಯನ್ನು ಹಿಡ್ಕೊಳ್ಳಿ ಮಾರಾಯ್ರೆ!" ಎಂದು ಗಿರಾಕಿಗಳು ರಸ್ತೆಯಲ್ಲೇ ನಿಂತು ಕೂಗುತ್ತಿದ್ದರು.

ಪೇಟೆಯ ಹೊರಗೆ ಒಂದು ಶೆಡ್ಡಿನಲ್ಲಿ ನಾಯಿಗೆ ಶಿಸ್ತು ಕಲಿಸುತ್ತಾರೆ ಎಂದು ಯಾರೋ ಹೇಳಿದರು. ದೇರಣ್ಣನ ಸೊಸೆ ಭವಿತಾ ಫೋನ್ ಮಾಡಿದಳು. ಮರಿಯಾಗಿದ್ದಾಗಿನಿಂದ ಬೊಳ್ಳುವನ್ನು ಸಾಕಿದವಳು ಅವಳೇ.

"ನಾಯಿಯನ್ನು ಬಿಟ್ಟು ಹೋಗಿ. ಒಂದು ತಿಂಗಳು ಈ ಕಡೆ ಬರ್ಬೇಡಿ. ಸರಿ ಮಾಡಿ ಕೊಡುದು ಗ್ಯಾರಂಟಿ" ಎಂದ ಶೆಡ್ಡಿನವನು.

"ನಡುವೆ ಒಮ್ಮೆ ಬಂದು ನೋಡ್ಬಹುದಾ?"

"ಮನೆಯವರನ್ನು ನೋಡಿದ್ರೆ ನಾಯಿ ಹಾಳಾಗ್ತದೆ."

ಭವಿತಾಳಿಗೆ ಏನೋ ಸರಿ ಕಾಣಲಿಲ್ಲ. ದೇರಣ್ಣ ನಕ್ಕ. "ನಾವು ನೋಡಿ ಎಂತ ಆಗ್ಬೇಕು? ಪೆಟ್ಟು ತಿನ್ನದೆ ಯಾರಿಗಾದ್ರೂ ಬುದ್ಧಿ ಬಂದದ್ದುಂಟಾ?"

ಮರುದಿನ ಬೊಳ್ಳುವನ್ನು ಆ ಶೆಡ್ಡಿಗೆ ಬಿಟ್ಟು ಬಂದರು.

ತಿಂಗಳು ಕಳೆದು ಬೊಳ್ಳು ಮನೆಗೆ ಬಂತು. ಕೂತ್ಕೋ ಎಂದರೆ ಕೂತಿತು. ಹಾರಲಿಲ್ಲ, ಬೊಗಳಲಿಲ್ಲ. ಊರಿಗೆಲ್ಲ ಆಶ್ಚರ್ಯ. "ಪಂಚಾಯತ್ ಮೀಟಿಂಗಿಗೆ ಬಂದ ಮೆಂಬರನ ಹಾಗೆ ಕೂತಿದೆಯಲ್ಲ!" ಎಂದು ಪಕ್ಕದ ಮನೆಯ ಸೇವಂತಿ ನಗಾಡಿದಳು. ದೇರಣ್ಣ ಹೆಮ್ಮೆಯಿಂದ ಮೀಸೆ ನೀವಿಕೊಂಡ.

ಭವಿತಾ ಮಾತ್ರ ಬೇರೆಯದನ್ನು ನೋಡಿದಳು. ಗುಡಿಸಲೆಂದು ಅವಳು ಪೊರಕೆ ಎತ್ತಿದರೆ ಸಾಕು, ಬೊಳ್ಳು ಕೂತಲ್ಲೇ ಉಚ್ಚೆ ಹೊಯ್ಯುತ್ತಿತ್ತು. ಹೆಸರು ಹಿಡಿದು ಕರೆದರೆ ಗೋಡೆಯ ಕಡೆಗೆ ಮುಖ ತಿರುಗಿಸುತ್ತಿತ್ತು. ಆ ಮೌನವನ್ನು ಎಲ್ಲರೂ ಹೊಗಳುತ್ತಿದ್ದರು. ಅವಳಿಗೆ ಅದರೊಳಗೆ ಯಾರೋ ಬಾಗಿಲು ಹಾಕಿಕೊಂಡು ಕೂತಂತೆ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಸೇವಂತಿ ಬಗ್ಗಿ ಬೊಳ್ಳುವಿನ ಅನ್ನದ ತಟ್ಟೆಯನ್ನು ಸರಿಸಿದಳು. ಬೊಳ್ಳು ಗುರ್ ಎನ್ನಲಿಲ್ಲ. ಹಲ್ಲು ತೋರಿಸಲಿಲ್ಲ. ನೇರ ಅವಳ ಕೈಗೆ ಬಾಯಿ ಹಾಕಿತು.

ಭವಿತಾ ಅವಳನ್ನು ನಳ್ಳಿಯ ಕೆಳಗೆ ನಿಲ್ಲಿಸಿ, ಕಾಲು ಗಂಟೆ ಸಾಬೂನು ಹಾಕಿ ಗಾಯ ತೊಳೆದಳು. ರಿಕ್ಷಾ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿದಳು. ವಾಪಸು ಬರುವಾಗ ಅಂಗಳದಲ್ಲಿ ಓಮ್ನಿಯ ಹಿಂಬಾಗಿಲು ತೆರೆದಿತ್ತು. ದೇರಣ್ಣ ಬೊಳ್ಳುವನ್ನು ಅದರೊಳಗೆ ಕಟ್ಟಿ ಹಾಕಿದ್ದ.

"ಎಲ್ಲಿಗೆ ಮಾವ?"

"ಘಾಟಿಗೆ. ಅಲ್ಲಿ ಬಿಟ್ಟು ಬರ್ತೇನೆ. ಎಲ್ಲರೂ ಮಾಡುದು ಅದನ್ನೇ."

ಭವಿತಾ ಓಮ್ನಿಗೆ ಅಡ್ಡ ನಿಂತು ಪಶುವೈದ್ಯೆ ಡಾಕ್ಟರ್ ಫೌಝಿಯಾಗೆ ಫೋನ್ ಹಚ್ಚಿ, ನಡೆದದ್ದನ್ನೆಲ್ಲ ಹೇಳಿ, ಸ್ಪೀಕರಿಗೆ ಹಾಕಿದಳು.

"ದೇರಣ್ಣ, ಬಿಟ್ಟು ಬಂದ್ರೆ ಅದಕ್ಕೆ ಹುಚ್ಚು ಉಂಟಾ ಇಲ್ವಾ ಅಂತ ತಿಳಿಯುದು ಹೇಗೆ?" ಎಂದರು ಡಾಕ್ಟರ್. "ಲಸಿಕೆ ಹಾಕಿದ ನಾಯಿ ಆದ್ರೂ ಹತ್ತು ದಿವಸ ಕಣ್ಣೆದುರು ಇರ್ಬೇಕು. ಸೇವಂತಿಯಕ್ಕನ ಉಳಿದ ಇಂಜೆಕ್ಷನುಗಳನ್ನು ಮಾತ್ರ ಅದಕ್ಕಾಗಿ ಮುಂದೆ ಹಾಕ್ಬಾರ್ದು. ಕಚ್ಚುವ ಮೊದಲು ಗುರುಗುಟ್ಟಿತಾ?"

"ಇಲ್ಲ. ಕಳ್ಳ ನಾಯಿ ಆಗಿದೆ."

"ಕಳ್ಳ ಅಲ್ಲ. ಗುರುಗುಟ್ಟುದು ಅಂದ್ರೆ 'ಹತ್ರ ಬರ್ಬೇಡಿ' ಅಂತ ನಾಯಿ ಹೇಳುದು. ಹೇಳಿದಾಗೆಲ್ಲ ಹೊಡೆದ್ರೆ ಹೇಳುದು ನಿಲ್ತದೆ. ಹೆದರಿಕೆ ನಿಲ್ಲುದಿಲ್ಲ. ಭವಿತಾ, ಅದರ ಕುತ್ತಿಗೆಯ ಬೆಲ್ಟ್ ಬಿಚ್ಚಿ ನೋಡಿ."

ಭವಿತಾ ಮೆಲ್ಲ ಬಿಚ್ಚಿದಳು. ಕುತ್ತಿಗೆಯ ಸುತ್ತ ರೋಮ ಇರಲಿಲ್ಲ. ಒಣಗಿದ ಗಾಯಗಳ ಒಂದು ಉಂಗುರ. ದೇರಣ್ಣ ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಹಗ್ಗ ಬಿಚ್ಚಿದ.

ಹತ್ತು ದಿವಸ ಬೊಳ್ಳು ಮನೆಯಲ್ಲೇ ಇತ್ತು. ಕಾಯಿಲೆಯ ಲಕ್ಷಣ ಏನೂ ಕಾಣಲಿಲ್ಲ. ಡಾಕ್ಟರ್ ಜಾಲ್ಸೂರಿನ ಹಕೀಮ್ ಎಂಬವನು ನಡೆಸುವ ನಾಯಿ ತರಬೇತಿ ಕ್ಲಾಸಿಗೆ ಕಳಿಸಿದರು. ಮೊದಲ ದಿನ ನಾಯಿಯನ್ನು ಮನೆಯಲ್ಲೇ ಬಿಟ್ಟು ನೀವು ಮಾತ್ರ ಬನ್ನಿ ಎಂದ ಹಕೀಮ್. ದೇರಣ್ಣ, ಭವಿತಾ ಬೇಲಿಯ ಹೊರಗೆ ನಿಂತು ನೋಡಿದರು. ಅಲ್ಲಿ ಕಲಿಯುತ್ತಿದ್ದ ನಾಯಿಗಳ ಬಾಲ ಕಾಲಿನ ನಡುವೆ ಇರಲಿಲ್ಲ. ಪ್ರತಿಯೊಂದರ ಜೊತೆಗೂ ಅದರ ಮನೆಯವರಿದ್ದರು. ಯಾರ ಕೈಯಲ್ಲೂ ಕೋಲಿರಲಿಲ್ಲ.

"ಎಷ್ಟು ದಿವಸದಲ್ಲಿ ಸರಿಯಾಗ್ತದೆ?" ದೇರಣ್ಣ ಕೇಳಿದ.

"ಗ್ಯಾರಂಟಿ ಕೊಡ್ಲಿಕ್ಕೆ ನಾನು ಮಿಕ್ಸಿ ಮಾರುದಾ, ಅಣ್ಣ? ಪೂರ್ತಿ ಸರಿಯಾಗದೆಯೂ ಇರ್ಬಹುದು. ಹಗ್ಗ ನೀವೇ ಹಿಡಿಬೇಕು. ಲಸಿಕೆಯ ಕಾರ್ಡ್ ತನ್ನಿ."

ದೇರಣ್ಣ ಹಗ್ಗ ಹಿಡಿದ. ಮಳೆಗಾಲ ಮುಗಿಯುವವರೆಗೂ ಹಿಡಿದ.

ಸೇವಂತಿಯ ಒಂದು ಬೆರಳು ಈಗಲೂ ಮಡಚುವುದಿಲ್ಲ. ಅವಳು ಅಂಗಳಕ್ಕೆ ಬರುವುದಿಲ್ಲ, ರಸ್ತೆಯಿಂದಲೇ ಮಾತಾಡುತ್ತಾಳೆ. ಅದನ್ನು ಯಾವ ಕ್ಲಾಸೂ ಸರಿಮಾಡಲಾರದು.

ಮೊನ್ನೆ ಬೊಳ್ಳು ಅನ್ನ ತಿನ್ನುವಾಗ ದೇರಣ್ಣ ತೀರಾ ಹತ್ತಿರ ಹೋದ. ಬೊಳ್ಳು ತಲೆ ತಗ್ಗಿಸಿ, ಗಂಟಲಲ್ಲೇ, ಸಣ್ಣಗೆ ಗುರ್ ಎಂದಿತು. ದೇರಣ್ಣನ ಕೈ ಹಳೆಯ ಅಭ್ಯಾಸದಂತೆ ಮೇಲೆದ್ದಿತು. ಅವನು ಅದನ್ನು ಇಳಿಸಿದ. ಎರಡು ಹೆಜ್ಜೆ ಹಿಂದೆ ಸರಿದ.

"ಭವಿತಾ, ಕೇಳಿತಾ?" ಎಂದ. "ಹತ್ರ ಬರ್ಬೇಡಿ ಅಂತ ಹೇಳ್ತಾ ಉಂಟು."

ಓದುತ್ತಿರುವವರೇ, ನಿಮ್ಮ ನಾಯಿಗೆ ಕ್ಲಾಸು ಹುಡುಕುವಾಗ ಮೊದಲು ನೀವೇ ಹೋಗಿ ನೋಡಿ. ನಾಯಿ ತಪ್ಪಿದರೆ ಏನು ಮಾಡುತ್ತೀರಿ ಎಂದು ಕೇಳಿ. ಹೊಡೆಯುವ, ಕುತ್ತಿಗೆ ಬಿಗಿಯುವ, ಶಾಕ್ ಕೊಡುವ ಕಡೆಗೆ ಕಳಿಸಬೇಡಿ. ಲಸಿಕೆಯ ಬಗ್ಗೆ ಕೇಳದ ಕ್ಲಾಸು ಬೇಡ. ಗ್ಯಾರಂಟಿ ಎಂದವರನ್ನು ನಂಬಬೇಡಿ. ನಾಯಿ ಕಚ್ಚಿದರೆ ಸಾಬೂನು ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ನಾಯಿಯನ್ನು ಕಾಡಿಗೆ ಬಿಡಬೇಡಿ. ನಿಮ್ಮನ್ನು ಒಳಗೆ ಬಿಡದ ಬಾಗಿಲಿನೊಳಗೆ, ಬಾಯಿ ಬಾರದ ಜೀವವನ್ನು ಒಂಟಿಯಾಗಿ ಕಳಿಸಬೇಡಿ.